ಹೊಸಬಾವಿಯ ಮೇ ತಿಂಗಳ ನೀರು

ಗವಿಸಿದ್ದೇಶ ಯಾರ ದನಿಯನ್ನಾದರೂ ಮಾಡುತ್ತಿದ್ದ. ಕೊಪ್ಪಳದ ಬಸ್ ನಿಲ್ದಾಣದಲ್ಲಿ ಯಲಬುರ್ಗಾ ಬಸ್ಸನ್ನು ಮೂಗಿನಿಂದ ಕರೆಯುವ ಧ್ವನಿವರ್ಧಕದ ಹೆಣ್ಣು, ಕುಷ್ಟಗಿಯಲ್ಲಿ ಬೋರ್ ಹಾಕಿಸುವ ಏಜೆಂಟ, ಗಂಗಾವತಿಯ ಅಕ್ಕಿ ಗಿರಣಿಯ ಅರ್ಧ ತೆಲುಗು ಮಾಲಕ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಮೇಲಧಿಕಾರಿ ದೇವೇಂದ್ರಪ್ಪನವರನ್ನಂತೂ ಕೆಮ್ಮಿನ ಸಮೇತ ಇಳಿಸುತ್ತಿದ್ದ. ಮೊದಲು ಕೆಮ್ಮು, ಆಮೇಲೆ ಕನ್ನಡಕ ಹಣೆಗೆ, ಆಮೇಲೆ, "ನೋಡ್ರಿ, ಸೈನ್ಸ್ ಅಂದ್ರ ಸಂತಿ ವ್ಯಾಪಾರ ಅಲ್ರಿ."

ಮಿಮಿಕ್ರಿ ಹೊಟ್ಟೆ ತುಂಬಿಸುವುದಿಲ್ಲ. ಭೂವಿಜ್ಞಾನ ಓದಿದ್ದ ಅವನಿಗೆ ಸಿಕ್ಕಿದ್ದು ನೆಲದ ಮಿಮಿಕ್ರಿ ಮಾಡುವ ಕೆಲಸ. ಹಿರೇಹಳ್ಳದ ಕೊಳ್ಳದ ಅಂತರ್ಜಲಕ್ಕೆ ಒಂದು ಮಾಡೆಲ್ ಕಟ್ಟಿಕೊಡಲು ಸರಕಾರ ಒಂದು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಕಂಪನಿಯ ಕಚೇರಿ ಕೊಪ್ಪಳದ ಗಂಜ್ ಮಾರುಕಟ್ಟೆಯ ಹತ್ತಿರ, ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಅಲ್ಲಿ ಕೂತು ಅವನು ಕಂಪ್ಯೂಟರಿನೊಳಗೆ ಒಂದು ಸುಳ್ಳು ನೆಲ ಮಾಡಿ, ಅದರ ಮೇಲೆ ಸುಳ್ಳು ಮಳೆ ಸುರಿಸಿ, ಸುಳ್ಳು ಪಂಪುಗಳಿಂದ ಸುಳ್ಳು ನೀರೆತ್ತಿ, ಸುಳ್ಳು ಬಾವಿಗಳಲ್ಲಿ ನೀರು ಎಲ್ಲಿಗೆ ನಿಂತಿತು ಎಂದು ನೋಡುತ್ತಿದ್ದ. ನಿಜವಾದ ಬಾವಿಗಳಲ್ಲಿ ಇಲಾಖೆಯವರು ವರ್ಷ ವರ್ಷ ಅಳೆದಿಟ್ಟ ಮಟ್ಟಕ್ಕೂ ಇದಕ್ಕೂ ತಾಳೆಯಾಗುವ ತನಕ ಕಲ್ಲಿನ ಬಿರುಕನ್ನು ಇಷ್ಟು ಹಿಗ್ಗಿಸುವುದು, ಮಣ್ಣಿನ ಹೀರುವ ಗುಣವನ್ನು ಅಷ್ಟು ಕುಗ್ಗಿಸುವುದು. ಪುಸ್ತಕದಲ್ಲಿ ಇದಕ್ಕೆ ಕ್ಯಾಲಿಬ್ರೇಶನ್ ಅನ್ನುತ್ತಾರೆ. ಗವಿಸಿದ್ದೇಶ ದನಿ ಹಿಡಿಯೋದು ಅನ್ನುತ್ತಿದ್ದ. ಹಿಂದೆ ಆಡಿದ ಮಾತನ್ನು ಮಾಡೆಲ್ ತಪ್ಪಿಲ್ಲದೆ ಒಪ್ಪಿಸಿದರೆ, ಇನ್ನು ಮುಂದಿನದನ್ನೂ ಅದೇ ದನಿಯಲ್ಲಿ ಹೇಳೀತು ಎಂಬ ನಂಬಿಕೆ. "ಬಾವಿ ನೋಡಿ ಭಾವಿ ಹೇಳೋ ದಂಧೆ ನಮ್ದು" ಎಂದು ಅವನು ನಗುತ್ತಿದ್ದ.

ಹೇಳಿದ ಭವಿಷ್ಯಕ್ಕೆ ತೂಕವಿತ್ತು. ಯಾವ ಊರಿನ ನೀರು ಮುಂದೆ ಪಾತಾಳ ಸೇರುತ್ತದೆ ಎಂದು ಮಾಡೆಲ್ ಹೇಳುತ್ತದೋ ಆ ಊರು ನಕ್ಷೆಯಲ್ಲಿ ಕೆಂಪು. ಕೆಂಪು ಊರಿಗೆ ಮೊದಲನೆಯ ಹಂತದಲ್ಲೇ ಹೊಳೆ ನೀರಿನ ಪೈಪು. ನೀಲಿ ಊರು ಕಾಯಬೇಕು. ಎಷ್ಟು ಕಾಯಬೇಕು ಎಂಬುದನ್ನು ಯಾವ ಮಾಡೆಲ್ಲೂ ಹೇಳುತ್ತಿರಲಿಲ್ಲ.

ಏಪ್ರಿಲ್ ಕೊನೆಯ ಹೊತ್ತಿಗೆ ಎಲ್ಲ ಬಾವಿಗಳೂ ದನಿಗೆ ಬಿದ್ದವು, ಒಂದು ಬಿಟ್ಟು. ಬೇವೂರಿನ ಆಚೆ, ಎರೆಹೊಲಗಳ ನಡುವೆ ಹೊಸಬಾವಿ ಎಂಬ ಊರಿದೆ. ಊರಿಗೆ ಹೆಸರು ಕೊಟ್ಟ ಬಾವಿ ಮಾತ್ರ ಅಜ್ಜನ ಅಜ್ಜನ ಕಾಲದ್ದು. ಸುತ್ತಲಿನ ಬಾವಿಗಳೆಲ್ಲ ಮಾರ್ಚಿನಿಂದ ಕುಸಿಯುತ್ತ ಬಂದು ಮೇ ತಿಂಗಳಲ್ಲಿ ತಳ ಕಂಡರೆ, ಇದೊಂದು ಬಾವಿ ಮೇ ತಿಂಗಳಲ್ಲೇ ಎರಡಾಳು ಏರುತ್ತಿತ್ತು. ಒಂದು ವರ್ಷವಲ್ಲ, ಪ್ರತಿ ವರ್ಷ. ಜೂನಿನಲ್ಲಿ ಮಳೆ ಬರುವ ಹೊತ್ತಿಗೆ ಮತ್ತೆ ಇಳಿದಿರುತ್ತಿತ್ತು.

"ಈ ಬಾವಿ ಕುಡದೈತೇನ್ರಿ?" ಎಂದ ಗವಿಸಿದ್ದೇಶ.

ದೇವೇಂದ್ರಪ್ಪ ಕೆಮ್ಮಿದರು. ನಿವೃತ್ತ ಭೂವಿಜ್ಞಾನಿ, ಜಿಲ್ಲೆಯ ಕಲ್ಲುಗಳನ್ನು ಸ್ವಂತ ಹಲ್ಲುಗಳ ಹಾಗೆ ಬಲ್ಲವರು, ಕೆಟ್ಟ ಮನುಷ್ಯರಲ್ಲ. "ಇಲಾಖೆ ಬಾವಿ ಅದು. ಹೊಂದವಲ್ದು ಅಂತ ಲೆಕ್ಕದಿಂದ ಕಿತ್ತು ಒಗದ್ರ ವರದಿ ನೋಡೋ ಕಮಿಟಿಯವರು ಮೊದಲ ಅದನ್ನ ಕೇಳತಾರ. ಹೋಗಿ ನೋಡಿ ಬರ್ರಿ. ಕಾರಣ ಇಲ್ದ ಯಾವ ಬಾವೀನೂ ಏರಂಗಿಲ್ಲ."

ಬಾವಿ ತೋರಿಸಿದವನು ಹನಮಪ್ಪ, ಇಲಾಖೆಯ ಪರವಾಗಿ ತಿಂಗಳಿಗೊಮ್ಮೆ ಟೇಪು ಇಳಿಬಿಟ್ಟು ನೀರಿನ ಮಟ್ಟ ಅಳೆಯುವವನು. ಕಲ್ಲು ಕಟ್ಟಿದ ಚೌಕ ಬಾವಿ. ಒಂದು ಬದಿಗೆ ಬಾವಿಯ ಮೇಲೆ ಚಾಚಿಕೊಂಡ ಹಾಸುಗಲ್ಲು, ಅದರ ಮೇಲೆ ಅರಿಶಿನ ಕುಂಕುಮದ ಕಲೆ. ಕೆಳಗೆ ಇಣುಕಿದರೆ ಒಂದು ಮೊಳ ಕೆಸರು, ಅದರಲ್ಲೊಂದು ಚಪ್ಪಲಿ.

"ಮುಂದಿನ ತಿಂಗಳು ಇದು ತುಂಬತೈತೇನೋ ಹನಮಪ್ಪ?"

"ತುಂಬತೈತ್ರಿ."

"ಹೆಂಗ?"

"ನಾ ನೀರು ಅಳಿಯಾವ್ರಿ ಸರ. ನೀರಿನ ಕುಲಾ ಗೋತ್ರ ಕೇಳಾವಲ್ಲ" ಎಂದು ಹನಮಪ್ಪ ಟೇಪು ಸುತ್ತತೊಡಗಿದ.

ಎದುರಿನ ಕನ್ನಡ ಸಾಲಿಯಿಂದ ಒಬ್ಬ ಹೆಂಗಸು ಬಂದಳು. ಬಂದಳು ಅನ್ನುವುದಕ್ಕಿಂತ ತನ್ನನ್ನು ತಾನು ಹೊತ್ತು ತಂದಳು ಅನ್ನಬೇಕು. ಮೊಣಕಾಲು ಮಡಚುತ್ತಿರಲಿಲ್ಲ. ಒಂದು ಕಾಲನ್ನು ಸೊಂಟದಿಂದ ಎತ್ತಿ ಮುಂದಿಟ್ಟು, ಇಡೀ ಮೈಯನ್ನು ಅದರ ಮೇಲೆ ವಾಲಿಸಿ, ಆಮೇಲೆ ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದಳು. ಬೋರಿನ ನೀರಿನಲ್ಲಿದ್ದ ಫ್ಲೋರೈಡು ಆ ಭಾಗದ ಎಷ್ಟೋ ಮೈಗಳಲ್ಲಿ ಹೀಗೆ ಕೂತುಬಿಟ್ಟಿತ್ತು. ಹೆಸರು ಹೊಳಿಯಮ್ಮ, ಸಾಲಿಯಲ್ಲಿ ಬಿಸಿಯೂಟ ಮಾಡುವಾಕೆ. ತಾಲೂಕು ಕಚೇರಿಯ ಮುಂದೆ ಖಾಲಿ ಕೊಡ ಇಟ್ಟುಕೊಂಡು ಹೆಂಗಸರನ್ನು ಕೂರಿಸಿದ್ದವಳು ಇವಳೇ ಎಂದು ಹನಮಪ್ಪ ಮೆಲ್ಲಗೆ ಹೇಳಿದ.

"ಹೊಳಿ ನೀರಿನ ಸಾಹೇಬ್ರೇನ್ರಿ? ನಮ್ಮೂರಿಗೆ ನಳ ಯಾವಾಗ?"

"ಲೆಕ್ಕ ನಡದೈತಿ ಅಮ್ಮಾರ."

"ಲಗೂ ಮಾಡ್ರಿ. ನಮ್ಮ ಸಾಲಿ ಹುಡುಗ್ರು ನಗಬೇಕಂದ್ರ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗತಾವ. ಹಲ್ಲು ನೋಡಿದ್ರ ತುಕ್ಕು ಹಿಡದ ತಗಡು. ನಾನಂತೂ ಮುಗದೆ, ಅವಕ್ಕರ ಒಳ್ಳೆ ನೀರು ಬರಲಿ."

ಗವಿಸಿದ್ದೇಶ ಬಾವಿಯತ್ತ ಕೈ ಮಾಡಿದ. "ಇದು ಮೇ ತಿಂಗಳಾಗ ಏರತೈತಂತಲ್ಲ?"

ಹೊಳಿಯಮ್ಮನ ದನಿ ಒಮ್ಮೆಲೇ ಬದಲಾಯಿತು. ಮಿಮಿಕ್ರಿಯವನ ಕಿವಿಗೆ ಅದು ಗೊತ್ತಾಯಿತು, ಯಾಕೆಂದು ತಿಳಿಯಲಿಲ್ಲ. ಬಾಯಿಪಾಠದ ದನಿ ಅದು. "ಏರತಾಳ್ರೀ ನಮ್ಮ ಗಂಗವ್ವ! ಲಗ್ನದ ತಿಂಗಳು ಬಂತಂದ್ರ ಮಕ್ಕಳ ಮಖ ನೋಡಾಕ ತಾನ ಎದ್ದು ಬರತಾಳ. ಎಂಥಾ ಬರಗಾಲ ಬಿದ್ರೂ ಆಕಿ ಮಾತು ತಪ್ಪಿಲ್ಲ."

ಹೊಸಬಾವಿಯಲ್ಲೊಂದು ಪದ್ಧತಿ. ಅಕ್ಕಿಕಾಳು ಬೀಳುವ ಮೊದಲು ಮದುಮಕ್ಕಳು ಆ ಹಾಸುಗಲ್ಲಿನ ಮೇಲೆ ನಿಂತು ಬಾವಿಯಲ್ಲಿ ಇಣುಕಬೇಕು. ಎರಡು ಮುಖ ಒಂದೇ ನೀರಿನಲ್ಲಿ ಕಂಡರೆ ಲಗ್ನ ಮುಂದುವರಿಯುತ್ತದೆ. ಹೊಳಿಯಮ್ಮ ಅದನ್ನು ಹೇಳುತ್ತಿರುವಾಗ ಅವಳ ಮಗಳು ಶ್ವೇತಾ ಬಂದು, ಓಢಣಿಯಿಂದ ಬಾಯಿ ಮುಚ್ಚಿಕೊಂಡು ಚಹಾ ಕೊಟ್ಟಳು. ಆ ಹಲ್ಲುಗಳನ್ನು ಕಂಡು ಎಷ್ಟೋ ಸಂಬಂಧಗಳು ಬಂದ ದಾರಿಯಲ್ಲೇ ತಿರುಗಿದ್ದವು. ಈಗ ನವಲಿಯವರು ಒಪ್ಪಿದ್ದರು. ಕಾಲುವೆ ನೀರಿನ, ಭತ್ತದ ಸೀಮೆ. ಹುಡುಗ ಕೃಷ್ಣ ಅಲ್ಲಿ ಭತ್ತ ಕೊಯ್ಯುವ ಮಷೀನು ಓಡಿಸುತ್ತಿದ್ದ.

"ಆವತ್ತ ಬರ್ರಿ ಸಾಹೇಬ್ರ, ಊಟಾನೂ ಆತು, ನಿಮ್ಮ ಲೆಕ್ಕಾನೂ ಆತು" ಎಂದು ಹೊಳಿಯಮ್ಮ ಲಗ್ನಪತ್ರಿಕೆ ಕೊಟ್ಟಳು.

ಮರುದಿನ ಕಚೇರಿಯಲ್ಲಿ ಗವಿಸಿದ್ದೇಶ ಹೊಸಬಾವಿಯನ್ನು ಆಡಿ ತೋರಿಸಿದ. ಮೊದಲು ಹನಮಪ್ಪನ ಟೇಪು ಸುತ್ತುವುದು, ಆಮೇಲೆ ಹೊಳಿಯಮ್ಮ. ಎರಡು ಮೇಜುಗಳ ನಡುವೆ ಕಾಲನ್ನು ಸೊಂಟದಿಂದ ಎತ್ತಿಟ್ಟು, ವಾಲಿ, ಎಳೆದು, ಸೆರಗು ಹೊದ್ದ ಹಾಗೆ ಟವೆಲ್ ಹೊದ್ದು, "ಏರತಾಳ್ರೀ ನಮ್ಮ ಗಂಗವ್ವ!" ನಕ್ಷೆ ಬಿಡಿಸುವ ಅಮೃತಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ದೇವೇಂದ್ರಪ್ಪ ಕೂಡ ನಕ್ಕರು. ನಗುತ್ತ ನಗುತ್ತ ನೆಟ್ಟಗೆ ಕೂತರು.

"ಇನ್ನೊಮ್ಮೆ ಅನ್ರಿ."

"ತಾನ ಎದ್ದು ಬರತಾಳ. ಎಂಥಾ ಬರಗಾಲ ಬಿದ್ರೂ ಆಕಿ ಮಾತು ತಪ್ಪಿಲ್ಲ" ಎಂದ ಗವಿಸಿದ್ದೇಶ, ಅದೇ ದನಿಯಲ್ಲಿ, ಅದೇ ಏರಿಳಿತದಲ್ಲಿ. ದನಿ ಎಷ್ಟು ಸರಿಯಾಗಿ ಬಂತೆಂದರೆ ಹೊಳಿಯಮ್ಮನೇ ಎದುರಿಗೆ ನಿಂತು ಪ್ರಮಾಣ ಮಾಡಿದಂತಿತ್ತು.

"ತಾನ ಎದ್ದು ಬರತಾಳ ಅಂದ್ಲೇನು! ಹಂಗಾರ ಒತ್ತಡದ ನೀರ್ರೀ ಅದು. ಕಲ್ಲಿನ ಬಿರುಕು ಎಲ್ಲೋ ದೂರದ ಕೆರಿಗೆ ಜೋಡಿಸೈತಿ. ಅಲ್ಲೆ ಮಳಿಗಾಲದಾಗ ಇಂಗಿದ್ದು ಇಲ್ಲೆ ಬ್ಯಾಸಗಿಗೆ ಮುಟ್ಟತೈತಿ. ಹಳೇ ಮಂದಿ ಮಾತು ಸುಳ್ಳಿರಂಗಿಲ್ಲ. ಹಾಕ್ರಿ ಒಂದು ಬಿರುಕು."

ಮಧ್ಯಾಹ್ನದೊಳಗೆ ಗವಿಸಿದ್ದೇಶ ಸುಳ್ಳು ನೆಲದಲ್ಲಿ ಒಂದು ಸುಳ್ಳು ಬಿರುಕು ಕೊರೆದ. ಮಾಡೆಲ್ ಓಡಿಸಿದ. ಅಲ್ಲಿಯವರೆಗೆ ಮೊಂಡು ಹಿಡಿದಿದ್ದ ಗೆರೆ ಎದ್ದು ಬಂದು ಮೇ ತಿಂಗಳ ಚುಕ್ಕಿಗಳ ಮೇಲೆ ಒಂದೊಂದಾಗಿ ಕಾಲಿಟ್ಟುಕೊಂಡು ಹೋಯಿತು. ಅಷ್ಟು ಚೆಂದದ ಹೊಂದಾಣಿಕೆಯನ್ನು ಅವನು ನೋಡಿರಲಿಲ್ಲ. ದೇವೇಂದ್ರಪ್ಪ ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು.

ಸಂಜೆ ಅಮೃತಾ ನಕ್ಷೆ ತಂದಳು. ಬಿರುಕಿನ ನೀರು ಹೊಸಬಾವಿಯನ್ನಷ್ಟೇ ಅಲ್ಲ, ಸುತ್ತಲಿನ ಮೂರು ಊರುಗಳನ್ನೂ ತೋಯಿಸಿತ್ತು. ನಾಲ್ಕೂ ನೀಲಿ. ಸೋಮವಾರದ ದಿನ ಬೆಂಗಳೂರಿಗೆ ಹೋಗಬೇಕಿದ್ದ ವರದಿಯ ಪ್ರಕಾರ, ಅವರಿಗೆ ಹೊಳೆ ನೀರಿನ ಅವಸರವಿರಲಿಲ್ಲ.

ಗವಿಸಿದ್ದೇಶ ಆ ನೀಲಿಯನ್ನು ಮತ್ತೊಮ್ಮೆ ನೋಡಿದ. ಒಂದು ಬಾಯಿಪಾಠದ ದನಿಗೆ ನಾಲ್ಕು ಊರು. ಲಗ್ನ ಶನಿವಾರ. ಅವನು ಹಿಂದಿನ ದಿನವೇ ಹೊಸಬಾವಿಗೆ ಹೋದ. ಗಂಗವ್ವ ಏಳುವಾಗ ಎದುರಿಗೇ ನಿಂತು ನೋಡಬೇಕೆಂದು.

ಎರಡು ಗಂಟೆಯ ಬಿಸಿಲು. ಊರು ಬಾಗಿಲು ಹಾಕಿಕೊಂಡು ಮಲಗಿತ್ತು. ಗಂಗವ್ವ ಎದ್ದು ಬಂದಿರಲಿಲ್ಲ, ಟ್ರ್ಯಾಕ್ಟರಿನ ಹಿಂದೆ ಕೂತು ಬಂದಿದ್ದಳು. ಬಾವಿಯ ದಂಡೆಗೆ ಒಂದು ಟ್ಯಾಂಕರು ಬೆನ್ನು ಕೊಟ್ಟು ನಿಂತಿತ್ತು. ಅದರ ದಪ್ಪ ಪೈಪು ಹಾಸುಗಲ್ಲಿನ ಪಕ್ಕದಿಂದ ಬಾವಿಗೆ ಬಾಯಿ ಹಚ್ಚಿತ್ತು. ಕಲ್ಲುಗೋಡೆ ಗುಡುಗುಡು ಅನ್ನುತ್ತಿತ್ತು. ಟ್ಯಾಂಕರಿನ ಅಕ್ಬರ ನೆರಳಿನಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ.

ಗವಿಸಿದ್ದೇಶ ಮೊಬೈಲು ಎತ್ತಿ ಒಂದು ಫೋಟೋ ತೆಗೆದ.

"ಅಣ್ಣಾರ, ಫೋಟೋ ಬ್ಯಾಡ್ರಿ. ನನ್ನ ಟ್ಯಾಂಕರಿಗೆ ದೃಷ್ಟಿ ಆದೀತು."

"ಎಷ್ಟು ವರ್ಷ ಆತೋ ಹಿಂಗ ಸುರಿಯಾಕತ್ತು?"

"ನಮ್ಮಪ್ಪನ ಕಾಲದಿಂದ್ರಿ. ಮೇ ತಿಂಗಳು ತುಂಬಾ ಲಗ್ನ. ಒಂದು ಮನಿಯವರು ಸುರಿದದ್ದು ಇಂಗೂದ್ರಾಗ ಇನ್ನೊಂದು ಮನಿಯವರು ಬರತಾರ. ಬೇವೂರಿನ ಬೋರಿನ ನೀರು. ಕುಡಿಯಾಕಲ್ಲ ಬಿಡ್ರಿ, ಮಖ ನೋಡ್ಕೊಳ್ಳಾಕ."

ಆಗಲೇ ಹೊಳಿಯಮ್ಮ ಬಂದಳು. ಅವಳ ಆ ನಡಿಗೆಯಲ್ಲಿ ಓಡುವುದು ಸಾಧ್ಯವಿದ್ದಿದ್ದರೆ ಓಡಿಯೇ ಬಂದಿರುತ್ತಿದ್ದಳು.

"ಸಾಹೇಬ್ರ, ನಿಮ್ಮ ಕಾಲಿಗೆ ಬೀಳತೀನಿ, ಬಾಗಾಕ ಬರಂಗಿಲ್ಲ ನನಗ, ಬಿದ್ದೀನಿ ಅಂತ ತಿಳಕೊಳ್ರಿ. ಅದನ್ನ ಯಾರಿಗೂ ತೋರಿಸಬ್ಯಾಡ್ರಿ. ನವಲಿ ಬೀಗರು ಸಂಜೀಕ ಬರತಾರ. ಬತ್ತಿದ ಬಾವ್ಯಾಗ ಟ್ಯಾಂಕರ್ ನೀರು ಸುರಿದು ಮಖ ತೋರಿಸಿದ್ರು ಅಂತ ಗೊತ್ತಾದ್ರ, ಸುಳ್ಳು ಗಂಗಿ ಮುಂದ ಮಾಡಿದ ಲಗ್ನ ಅಂತಾರ. ಮೊದಲ ನನ್ನ ಮಗಳ ಹಲ್ಲು ನೋಡಿ ಹತ್ತು ಮಂದಿ ಎದ್ದು ಹೋಗ್ಯಾರ."

"ಅಮ್ಮಾರ, ಇದು ನಿಮ್ಮ ಬೀಗರ ಮಾತಲ್ಲ. ನಳದ ಮಾತು."

ಅವನು ಅವಳಿಗೆ ವಿವರಿಸಿದ. ಈ ಬಾವಿಯಲ್ಲಿ ಮೇ ತಿಂಗಳಲ್ಲಿ ಹನಮಪ್ಪ ಅಳೆದ ನೀರೇ ಲೆಕ್ಕಕ್ಕೆ ಹೋಗಿದೆ. ಲೆಕ್ಕ ಹೇಳುತ್ತಿದೆ, ಈ ಊರಿನ ನೆಲದಡಿ ನೀರಿದೆ ಎಂದು. ನೀರಿದ್ದ ಊರಿಗೆ ಈಗ ನಳ ಇಲ್ಲ. ಹೇಳುತ್ತ ಹೋದ ಹಾಗೆ ಅವಳ ಮುಖದ ಮೇಲಿನ ಬೀಗರ ಭಯ ಇಳಿದು ಬೇರೆ ಏನೋ ಏರಿತು.

"ಬೋರಿನ ನೀರು ಬ್ಯಾರೆ, ಗಂಗವ್ವನ ಬಾವಿ ಬ್ಯಾರೆ ಅಲ್ಲೇನ್ರಿ? ಇದನ್ನ ಯಾರು ಕುಡೀತಾರ?"

"ಲೆಕ್ಕಕ್ಕ ಎಲ್ಲಾ ಒಂದ."

"ಹಂಗಾರ ನಾವ ಸುರಿದ ನೀರ ನಮ್ಮ ನಳಕ್ಕ ಅಡ್ಡ ಬಿತ್ತೇನ್ರಿ?" ಪೈಪು ಗುಡುಗುಡು ಅನ್ನುತ್ತಲೇ ಇತ್ತು. ಹೊಳಿಯಮ್ಮ ಅಕ್ಬರನತ್ತ ಒಮ್ಮೆ ಕೈ ಎತ್ತಿದಳು, ನಿಲ್ಲಿಸು ಅನ್ನುವ ಹಾಗೆ. ಆಮೇಲೆ ಆ ಕೈಯಿಂದ ಸೆರಗು ಸರಿಮಾಡಿಕೊಂಡಳು.

ಗವಿಸಿದ್ದೇಶ ಅಲ್ಲೇ ನಿಂತು ದೇವೇಂದ್ರಪ್ಪನವರಿಗೆ ಫೋನು ಮಾಡಿ, ಫೋಟೋ ಕಳಿಸಿದ.

"ಛೇ. ಛಲೋ ಆತು ನೀವು ಹೋಗಿದ್ದು. ಆದ್ರ ಒಂದು ಫೋಟೋ ಅಂದ್ರ ಒಂದು ವರ್ಷ, ಗವಿಸಿದ್ದೇಶ. ಉಳಿದ ಮೇ ತಿಂಗಳಿಗೆ ಯಾರು ಹೇಳಾವ್ರು? ಇಲಾಖೆ ಅಳದದ್ದನ್ನ ನಾವು ಸುಳ್ಳು ಅನ್ನಬೇಕಂದ್ರ ಊರವರ ಬಾಯಿಂದ ಬರಬೇಕು. ನಾಳಿ ಕಮಿಟಿ ಸಾಹೇಬ್ರು ಬೇವೂರ ಕಡೆ ಬರಾಕತ್ಯಾರ, ಕರಕೊಂಡು ಬರತೀನಿ. ಬಾವಿ ಮುಂದ ಕೇಳೋಣು. ಯಾರರ ಒಬ್ಬರು ಹೌದ್ರಿ, ವರ್ಷಾ ಸುರೀತೀವಿ ಅಂದ್ರ ಸಾಕು. ಆ ಬಾವೀನ ಅಲ್ಲೇ ತೆಗೆದು ಒಗಿತೀನಿ. ಸೋಮವಾರದೊಳಗ ನಾಲ್ಕೂ ಊರು ಕೆಂಪು."

ಗವಿಸಿದ್ದೇಶ ಅದನ್ನೇ ಹೊಳಿಯಮ್ಮನಿಗೆ ಹೇಳಿದ. ಅವಳು ಕೇಳಿದ್ದು ಒಂದೇ ಪದ. "ನಾಳೀನ?"

"ಬ್ಯಾರೆ ಯಾರರ ಹೇಳಿದ್ರೂ ನಡೀತೈತಿ."

"ಯಾರೂ ಹೇಳಂಗಿಲ್ಲ ತಮ್ಮಾ." ಸಾಹೇಬ ಹೋಗಿ ತಮ್ಮ ಆಗಿದ್ದ. "ಬೀಗರು ಊರಾಗ ಇದ್ದಾಗ ಟ್ಯಾಂಕರಿನ ಹೆಸರು ಎತ್ತಬಾರದು ಅಂತ ಐತಿ ನಮ್ಮಲ್ಲೆ. ಯಾರ ಮನಿ ಲಗ್ನಾನೋ ಅವರ ಬಾಯಿಂದ ಬಂದ್ರ ಬರಬೇಕು. ಊರವರ ಹೆಣ್ಣಿನ ಲಗ್ನದಾಗ ನಾ ಬಾಯಿ ಮುಚ್ಚಿದ್ದೆ. ನನ್ನ ಹೆಣ್ಣಿಗೆ ಅವರು ಮುಚ್ಚತಾರ."

ವರ ಹಸೆ ಏರುವ ದಿನವೇ ವರದಿಯವರೂ ಬಂದರು. ಎರಡು ಜೀಪು. ಕಮಿಟಿಯ ಸಾಹೇಬರಿಗೂ ದೇವೇಂದ್ರಪ್ಪನವರಿಗೂ ಊರವರು ಟವೆಲ್ ಹೊದಿಸಿ ಲಗ್ನದ ಚಪ್ಪರದಲ್ಲಿ ಮುಂದಿನ ಕುರ್ಚಿ ಕೊಟ್ಟರು. ಹುಡುಗನ ಅಪ್ಪ ಗಿಡ್ಡಪ್ಪ, ಹೆಸರಿಗೆ ತದ್ವಿರುದ್ಧವಾಗಿ ಆರಡಿ ಆಳು, ಬಿಳಿ ಧೋತರದಲ್ಲಿ ಓಡಾಡುತ್ತ, "ಬರ್ರಿ ಬರ್ರಿ, ನಮ್ಮ ಬೀಗರ ಊರಿಗೆ ಜೀಪಿನ ಮ್ಯಾಲೆ ಜೀಪು!" ಎಂದು ಸಂಭ್ರಮಿಸಿದ.

ಮದುಮಕ್ಕಳು ಹಾಸುಗಲ್ಲಿನ ಮೇಲೆ ನಿಂತು ಇಣುಕಿದರು. ಕೆಳಗೆ ತಿಳಿನೀರು, ಅದರಲ್ಲಿ ಬಾಸಿಂಗ ಕಟ್ಟಿದ ಎರಡು ತಲೆ. ಶ್ವೇತಾ ನಕ್ಕಳು. ಈ ಸಲ ಕೈ ಅಡ್ಡ ಇಡಲಿಲ್ಲ. ನೀರಿನಲ್ಲಿ ಹಲ್ಲಿನ ಬಣ್ಣ ಕಾಣುವುದಿಲ್ಲ. ಕೃಷ್ಣ ಅವಳ ಪ್ರತಿಬಿಂಬಕ್ಕೆ ಏನೋ ಹೇಳಿದ, ಇಬ್ಬರೂ ಕಲ್ಲಿನ ಮೇಲೆ ಅಲುಗಾಡಿದರು, ಹೆಂಗಸರು ಕೂಗಿ ಹಿಡಿದುಕೊಂಡರು. ಬಾಜಾ ನಿಂತಿತು.

ದೇವೇಂದ್ರಪ್ಪ ಆ ಬಿಡುವಿಗೇ ಕಾದಿದ್ದರು. ಎರಡು ಸಲ ಕೆಮ್ಮಿದರು.

"ಹೊಳಿಯಮ್ಮಾರ, ಸಾಹೇಬ್ರು ಒಂದು ಮಾತು ಕೇಳಬೇಕಂತಾರ. ಈ ನೀರು ಪ್ರತಿ ವರ್ಷ ತಾನ ಏರತೈತೋ, ಇಲ್ಲಾ ಯಾರರ ಹೊರಗಿಂದ ಹಾಕತೀರೋ? ಖರೇ ಹೇಳ್ರಿ, ನಿಮ್ಮೂರಿನ ನಳದ ಸಲುವಾಗಿ ಕೇಳಾಕತ್ತೀವಿ."

ಊರು ಪೂರ್ತಿ ಅಲ್ಲಿತ್ತು. ಯಾರೂ ಕಣ್ಣೆತ್ತಲಿಲ್ಲ. ಅಕ್ಬರ ಚಪ್ಪರದ ಗಳವನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಗಿಡ್ಡಪ್ಪ ಕುತೂಹಲದಿಂದ ಬೀಗತಿಯ ಕಡೆ ತಿರುಗಿದ. ಹೊಳಿಯಮ್ಮ ಮಗಳನ್ನು ನೋಡಿದಳು, ಸಾಲಿಯ ಗೋಡೆಯನ್ನು ನೋಡಿದಳು, ಕಡೆಗೆ ಗವಿಸಿದ್ದೇಶನನ್ನು. ಜಿಲ್ಲೆಯ ಎಲ್ಲರ ದನಿಯೂ ಬರುತ್ತಿದ್ದ ಆ ಗಂಟಲಿಗೆ ಆಗ ಒಂದು ದನಿಯೂ ಬರಲಿಲ್ಲ.

"ಏರತಾಳ್ರಿ" ಎಂದಳು ಹೊಳಿಯಮ್ಮ. "ನಮ್ಮ ಗಂಗವ್ವ ತಾನ ಏರತಾಳ. ಎಂಥಾ ಬರಗಾಲ ಬಿದ್ರೂ ಆಕಿ ಮಾತು ತಪ್ಪಿಲ್ಲ."

ಅವನು ಕಚೇರಿಯಲ್ಲಿ ಮಾಡಿದಷ್ಟು ಚೆನ್ನಾಗಿ ಅವಳಿಂದ ಆಗಲಿಲ್ಲ. ದನಿ ನಡುವೆ ಮುರಿಯಿತು. ಆದರೂ ಸಾಕಾಯಿತು. ಕಮಿಟಿಯ ಸಾಹೇಬರು ಬಾವಿಗೆ ಕೈ ಮುಗಿದರು. ಬಾಜಾ ಮತ್ತೆ ಶುರುವಾಯಿತು.

ಕೈ ತೊಳೆಯುವ ಜಾಗದಲ್ಲಿ ಅವಳು ಅವನ ಹತ್ತಿರ ಬಂದು, "ಮಗಳು ಆ ಮನಿಯಾಗ ಕಾಲೂರಲಿ ತಮ್ಮಾ, ಆಮ್ಯಾಲೆ ನಾನ ಬಂದು ಹೇಳತೀನಿ. ಅಲ್ಲೀತನ ಲೆಕ್ಕ ಹಿಡಕೋ" ಎಂದಳು.

ಲೆಕ್ಕವನ್ನು ಹಿಡಿದುಕೊಳ್ಳುವುದು ಅವನ ಕೈಯಲ್ಲಿರಲಿಲ್ಲ. ಜೀಪಿನಲ್ಲಿ ದೇವೇಂದ್ರಪ್ಪನವರ ಜೊತೆ ಬೇವೂರು ದಾಟುವ ತನಕ ಜಗಳವಾಡಿದ. ಅವರು ಕೊನೆಗೆ ಕನ್ನಡಕ ತೆಗೆದು, "ನೀವು ಕಂಡದ್ದು ಖರೇ ಅಂತ ನನಗ ಗೊತ್ತು. ಆಕಿ ಅಂದದ್ದು ಸುಳ್ಳು ಅಂತಾನೂ ಗೊತ್ತು. ಆದ್ರ ಸಾಹೇಬ್ರ ಕಿವಿಗೆ ಬಿದ್ದದ್ದು ಯಾವುದು?" ಎಂದರು. ಸೋಮವಾರ ವರದಿ ಹೋಯಿತು. ಹೊಂದಾಣಿಕೆ ಇಷ್ಟು ಚೆನ್ನಾಗಿರುವ ಮಾಡೆಲ್ ಈ ಭಾಗದಲ್ಲಿ ಬಂದಿಲ್ಲವೆಂದು ಮೆಚ್ಚುಗೆಯ ಪತ್ರ ಬಂತು. ಹೊಸಬಾವಿ ಮತ್ತು ಸುತ್ತಲಿನ ಮೂರು ಊರುಗಳನ್ನು ಬಿಟ್ಟು ಮೊದಲ ಹಂತಕ್ಕೆ ಟೆಂಡರ್ ಕರೆದರು. ಪೈಪುಗಳು ಬಂದು ಬೇವೂರಿನ ರಸ್ತೆ ಬದಿಗೆ ಸಾಲಾಗಿ ಮಲಗಿದವು.

ಆಷಾಢ ಬಂತು. ಮಳೆ ಮಾತ್ರ ಬಂದಿರಲಿಲ್ಲ. ಒಂದು ಬೆಳಿಗ್ಗೆ ಕಚೇರಿಯ ಮೆಟ್ಟಿಲಿನಿಂದ ವಿಚಿತ್ರವಾದ ಸದ್ದು ಕೇಳಿಸಿತು. ಧಪ್ಪನೆ ಒಂದು ಹೆಜ್ಜೆ, ಆಮೇಲೆ ಏನನ್ನೋ ಎಳೆಯುವ ಸದ್ದು, ಆಮೇಲೆ ಉಸಿರು. ಅಮೃತಾ ಬಾಗಿಲಿಗೆ ಹೋಗಿ ನೋಡಿ, ಅರ್ಧ ನಗುತ್ತ ತಿರುಗಿದಳು.

"ಗವಿಸಿದ್ದೇಶ್, ನೀವು ಮಾಡಿ ತೋರಿಸ್ತಿದ್ರಲ್ಲಾ ಆ ನಡಿಗಿ, ಥೇಟ್ ಹಂಗ ಒಬ್ರು ಬರಾಕ..."

ಮಾತು ಅಲ್ಲಿಗೇ ನಿಂತಿತು. ಹೊಳಿಯಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೇಳಿಸಿಕೊಂಡಿದ್ದಳೋ ಇಲ್ಲವೋ, ಮುಖದಿಂದ ಗೊತ್ತಾಗಲಿಲ್ಲ. ಗವಿಸಿದ್ದೇಶ ಎದ್ದು ಕುರ್ಚಿ ಕೊಟ್ಟ. ಮಡಚದ ಕಾಲುಗಳನ್ನು ಮುಂದೆ ಚಾಚಿ ಅವಳು ಅಂಚಿಗೆ ಕೂತಳು.

"ಹೇಳಾಕ ಬಂದೀನಿ ತಮ್ಮಾ. ಎಲ್ಲೆ ಹೇಳಬೇಕು, ಯಾರ ಮುಂದ ಹೇಳಬೇಕು ಹೇಳು. ಸಹಿ ಮಾಡು ಅಂದ್ರ ಹೆಬ್ಬೆಟ್ಟು ಒತ್ತತೀನಿ."

"ಶ್ವೇತಾ ಹೆಂಗದಾಳ್ರಿ?"

"ಛಲೋ ಅದಾಳ. ಆಷಾಢಕ್ಕಂತ ಬಂದಾಳ. ಬೀಗರ ಬಂದು ಬಿಟ್ಟು ಹೋದ್ರು." ಹೊಳಿಯಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು. "ಊಟಕ್ಕ ಕುಂತಾಗ ಗಿಡ್ಡಪ್ಪ ಏನಂದ ಗೊತ್ತೈತೇನು? ಬೀಗತೇರ, ಲಗ್ನದಾಗ ಎಷ್ಟು ಟ್ಯಾಂಕರ್ ಸುರಿದ್ರಿ, ಭಾಳ ತಿಳಿ ಇತ್ತಲ್ಲ ನೀರು, ಅಂದ. ನನ್ನ ಕೈಯಾಗಿನ ಸಟುಗ ಬಿತ್ತು. ಅಂವ ನಗತಾನ. ದಂಡಿ ಮ್ಯಾಲೆ ಹಸಿ ಟೈರಿನ ಗುರುತು ಬಂದ ಸಂಜೀಕನ ನೋಡಿದ್ನಂತ. ನಮಗ ಗೊತ್ತಿತ್ರೀ, ಕೇಳೂದು ಚಂದ ಅಲ್ಲಂತ ಸುಮ್ಮನಿದ್ವಿ, ನಾವು ನೋಡಾಕ ಬಂದಿದ್ದು ಹುಡುಗೀನ, ಬಾವೀನಲ್ಲ, ಅಂದ."

ಕೆಳಗಿನ ಅಂಗಡಿಯಲ್ಲಿ ಗೊಬ್ಬರದ ಚೀಲ ಇಳಿಸುವ ಹಮಾಲರ ಕೂಗು ಕೇಳುತ್ತಿತ್ತು.

ಗವಿಸಿದ್ದೇಶ ಕಂಪ್ಯೂಟರಿನ ಕಡೆ ತಿರುಗಿದ. ಹೊಸ ಲೆಕ್ಕದಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಹೊಸಬಾವಿಯ ಬಾವಿಯನ್ನು ಪಟ್ಟಿಯಿಂದ ತೆಗೆದ, ಬಿರುಕು ಅಳಿಸಿದ, ಮಾಡೆಲ್ ಓಡಿಸಿದ. ಉಳಿದ ಎಲ್ಲ ಬಾವಿಗಳೂ ಮೊದಲಿಗಿಂತ ಚೆನ್ನಾಗಿ ಹೊಂದಿದವು. ಪರದೆಯ ಮೇಲೆ ನಾಲ್ಕು ಊರು ನೀಲಿಯಿಂದ ಕೆಂಪಾದವು.

"ಇದ ಏನು ನಮ್ಮೂರು?" ಹೊಳಿಯಮ್ಮ ಮುಂದೆ ಬಾಗಲಾರದೆ ಕುತ್ತಿಗೆ ಚಾಚಿದಳು.

"ಹೌದ್ರಿ."

"ಕೆಂಪು ಆತಲ್ಲ. ಕೆಂಪು ಆದ್ರ ನಳ ಅಂದಿದ್ದಿ."

ದೇವೇಂದ್ರಪ್ಪ ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಕೆಮ್ಮಲಿಲ್ಲ. ಗವಿಸಿದ್ದೇಶ ಅವರತ್ತ ನೋಡಿದ. ಅವರು ಕನ್ನಡಕ ಒರೆಸುತ್ತ, ಕಮಿಟಿಗೆ ಕಾಗದ ಬರೆಯುತ್ತೇನೆ ಎಂದರು, ಆಮೇಲೆ ಆ ಮಾತನ್ನೂ ಅರ್ಧಕ್ಕೆ ಬಿಟ್ಟರು.

"ಟೆಂಡರ್ ಆಗೈತಿ ಅಮ್ಮಾರ" ಎಂದ ಗವಿಸಿದ್ದೇಶ. "ಈ ಲೆಕ್ಕ ಇನ್ನ ತೆಗೆಯೋದು ಐದು ವರ್ಷದ ಮ್ಯಾಲೆ."

ಹೊಳಿಯಮ್ಮ ಪರದೆಯ ಕೆಂಪನ್ನು ಇನ್ನಷ್ಟು ಹೊತ್ತು ನೋಡಿದಳು. "ಐದು ವರ್ಷಕ್ಕ ನಮ್ಮ ಒಂದನೆತ್ತಿ ಹುಡುಗ್ರು ಆರನೆತ್ತಿ" ಎಂದಳು. ಅಷ್ಟೇ. ಆಮೇಲೆ ಗೋಡೆಯ ಪಕ್ಕ ಇದ್ದ ಕುಡಿಯುವ ನೀರಿನ ಡಬ್ಬಿಯ ಕಡೆ ಕೈ ಮಾಡಿ, "ಅದು ಛಲೋ ನೀರೇನು?" ಎಂದು ಕೇಳಿದಳು.

ಅಮೃತಾ ಎರಡು ಬಾಟಲಿ ತುಂಬಿ ಕೊಟ್ಟಳು. ಹೊಳಿಯಮ್ಮ ಕುಡಿಯಲಿಲ್ಲ. ಎರಡನ್ನೂ ಚೀಲದಲ್ಲಿಟ್ಟುಕೊಂಡಳು. ಗವಿಸಿದ್ದೇಶ ಕೈ ಹಿಡಿಯಲು ಹೋದಾಗ, "ಬ್ಯಾಡ, ನನಗ ರೂಢಿ ಐತಿ" ಎಂದಳು.

ಇಳಿಯುವುದು ಏರುವುದಕ್ಕಿಂತ ಕಷ್ಟವಿತ್ತು. ಮೊದಲ ಮೆಟ್ಟಿಲಿನ ಮೇಲೆ ಗೋಡೆಗೆ ಒರಗಿ ಕೂತು, ಎರಡು ಕಾಲನ್ನೂ ಕೋಲಿನಂತೆ ಮುಂದೆ ಚಾಚಿ, ಕೈಯೂರಿ ಒಂದೊಂದೇ ಮೆಟ್ಟಿಲು ಜಾರುತ್ತ ಇಳಿದಳು. ಬಾಟಲಿಗಳ ಚೀಲವನ್ನು ಮಾತ್ರ ಪ್ರತಿ ಸಲ ಎದೆಗೆ ಎತ್ತಿ ಹಿಡಿಯುತ್ತಿದ್ದಳು. ಈ ಇಳಿಯುವಿಕೆ ಗವಿಸಿದ್ದೇಶ ಕಂಡದ್ದು ಇದೇ ಮೊದಲು. ಮಹಡಿಯ ಬಾಗಿಲಲ್ಲಿ ನಿಂತು, ಅವಳು ರಸ್ತೆ ಮುಟ್ಟುವವರೆಗೂ ನೋಡಿದ. ಅಮೃತಾ ಒಳಗೆ ಪರದೆಯ ಮೇಲೆ ನಾಲ್ಕೂ ಊರು ನೀಲಿಯಿದ್ದ ಹಳೆಯ ನಕ್ಷೆಯನ್ನು ಮತ್ತೆ ತೆರೆದಳು.